ತಂತಿ ದಾಟದವರು

ಎತ್ತರ ಕಂಡರೆ ನನಗೆ ಹೆದರಿಕೆ. ಇದನ್ನು ನಾನೇ ಮೊದಲು ಹೇಳಿಬಿಡುವುದು ವಾಸಿ, ಬೇರೆಯವರು ಹೇಳಿದರೆ ಅದಕ್ಕೊಂದು ನಗು ಸೇರಿಸಿಕೊಂಡು ಹೇಳುತ್ತಾರೆ. ಮಸ್ಕತ್ತಿನ ಒಂದು ಕಚೇರಿಯಲ್ಲಿ ಕಟ್ಟಡಗಳ ಉಕ್ಕಿನ ನಕ್ಷೆ ಬರೆಯುವುದು ನನ್ನ ಕೆಲಸ. ಯಾವ ಬೋಲ್ಟು ಎಷ್ಟು ಭಾರ ತಾಳುತ್ತದೆ, ಯಾವ ತಂತಿ ಎಷ್ಟು ಜಗ್ಗಿದರೆ ಹರಿಯುತ್ತದೆ ಎಂಬುದು ನನಗೆ ಗೊತ್ತು. ಗೊತ್ತಿದ್ದೂ ನಮ್ಮ ಮನೆಯ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವಾಗ ಗೋಡೆಗೆ ಬೆನ್ನು ಹಚ್ಚಿಕೊಂಡೇ ನಿಲ್ಲುತ್ತೇನೆ. ತಿಳಿಯದೆ ಹುಟ್ಟಿದ ಹೆದರಿಕೆಯಾಗಿದ್ದರೆ ಓದಿ ಕಳೆದುಕೊಳ್ಳಬಹುದಿತ್ತು. ಇದು ಕಾಲಿಗೆ ಸೇರಿದ್ದು, ತಲೆಯ ಮಾತನ್ನು ಕೇಳುವುದಿಲ್ಲ.

ಇದೇ ಹೆದರಿಕೆ ನನ್ನ ಮಗಳಿಗೂ ಬಂದಿದೆ. ಮೂಗು ಅವರಪ್ಪನದು, ಕೂದಲು ನನ್ನ ತಾಯಿಯದು, ಹೆದರಿಕೆ ನನ್ನದು. ಮಾಲ್‌ನ ಎಸ್ಕಲೇಟರಿನ ಮೇಲೆ ಈಗಲೂ ನನ್ನ ದುಪಟ್ಟಾದ ತುದಿ ಹಿಡಿದುಕೊಂಡೇ ಇಳಿಯುತ್ತಾಳೆ. ಆ ಚಳಿಗಾಲಕ್ಕೆ ಅವಳಿಗೆ ಹನ್ನೆರಡು ತುಂಬಿತ್ತು. ಎಲ್ಲ ಅನಾಹುತವೂ ಆ ಹನ್ನೆರಡರಿಂದಲೇ ಶುರುವಾಯಿತು.

ಮಸ್ಕತ್ತಿನ ಅಲ್ ಮವಾಲೇಹ್ ಬಡಾವಣೆಯ ಸುತ್ತಮುತ್ತ ಇರುವ ನಾವು ಕೆಲವು ಕನ್ನಡದ ಮನೆಯವರು ಪ್ರತಿ ಜನವರಿಯಲ್ಲಿ ಒಂದು ವಾರಾಂತ್ಯ ಜಬಲ್ ಅಖ್ದರ್ ಬೆಟ್ಟಕ್ಕೆ ಹೋಗುತ್ತೇವೆ. ಹೆಸರಿನ ಅರ್ಥ ಹಸಿರು ಬೆಟ್ಟ. ಹಸಿರನ್ನು ಮಾತ್ರ ಹುಡುಕಬೇಕು. ಆದರೆ ಚಳಿಯನ್ನು ಹುಡುಕಬೇಕಾಗಿಲ್ಲ, ಕಾರಿನ ಬಾಗಿಲು ತೆರೆದ ಕೂಡಲೇ ಅದು ಬಂದು ಕಿವಿ ಹಿಂಡುತ್ತದೆ. ವರ್ಷವೆಲ್ಲ ಎ.ಸಿ.ಯ ಚಳಿಯಲ್ಲಿ ಕೂತು ಮೂಳೆ ನೋಯಿಸಿಕೊಂಡ ನಮಗೆ ಆಕಾಶದಿಂದ ಇಳಿಯುವ ಚಳಿ ಒಂದು ಹಬ್ಬ. ಊರಿನಿಂದ ತಂದ ಸ್ವೆಟರುಗಳು ಆ ಎರಡು ದಿನಕ್ಕಾಗಿಯೇ ಪೆಟ್ಟಿಗೆಯಿಂದ ಹೊರಬರುತ್ತವೆ, ಇಡೀ ಗುಂಪೇ ನುಸಿಗುಳಿಗೆಯ ವಾಸನೆ ಹೊಡೆಯುತ್ತದೆ.

ನಾವು ಇಳಿದುಕೊಳ್ಳುವ ರೆಸಾರ್ಟ್ ಒಂದು ದೊಡ್ಡ ಕಂದರದ ಅಂಚಿನಲ್ಲಿದೆ. ಅಲ್ಲಿ ಬಂಡೆಗೆ ಕಬ್ಬಿಣದ ಮೆಟ್ಟಿಲು ಜಡಿದು, ಕಂದರದ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ತಂತಿ ಎಳೆದಿದ್ದಾರೆ. ಸೊಂಟಕ್ಕೆ ಪಟ್ಟಿ ಬಿಗಿದು, ಕೊಂಡಿ ಹಾಕಿ, ಕಾಲ ಕೆಳಗೊಂದು ತಂತಿ, ಕೈಗೆ ಎರಡು ತಂತಿ ಹಿಡಿಸಿ ಆಚೆ ದಾಟಿಸುತ್ತಾರೆ. ನಮ್ಮ ಗುಂಪು ಅಲ್ಲಿಗೆ ಹೋದ ಕೂಡಲೇ ಎರಡು ಜಾತಿಯಾಗಿ ಒಡೆಯುತ್ತದೆ. ತಂತಿ ದಾಟುವವರು ಮನುಷ್ಯರು. ದಾಟದವರು ‘ಟೀ ಪಾರ್ಟಿ’.

ಈ ಹೆಸರು ಇಟ್ಟವರು ನಮ್ಮ ಗುಂಪಿನ ಮುಖಂಡರು. ಮೈಸೂರಿನ ಕಡೆಯವರು, ದೊಡ್ಡ ಕಂಪನಿಯೊಂದರಲ್ಲಿ ಪ್ರಾಜೆಕ್ಟ್ ಮ್ಯಾನೇಜರ್, ಎಲ್ಲರೂ ಅವರನ್ನು ಲೀಡರ್ ಸಾಹೇಬರೆಂದೇ ಕರೆಯುವುದು. ಪ್ರಯಾಣ, ಊಟ, ಅಂತ್ಯಾಕ್ಷರಿ, ಯಾವುದಕ್ಕೂ ಅವರು ಸೀಟಿ ಊದದೆ ಕೆಲಸ ಮುಂದೆ ಸಾಗುವುದಿಲ್ಲ. ಪ್ರತಿ ವರ್ಷವೂ ನನ್ನನ್ನು ನೋಡಿ, “ಏನ್ ಮೇಡಂ, ಈ ಸಲಾನೂ ಟೀ ಪಾರ್ಟಿನೇನಾ?” ಎನ್ನುತ್ತಾರೆ. ಎಲ್ಲರೂ ನಗುತ್ತಾರೆ. ಮೊದಲ ವರ್ಷ ನಾನೂ ನಕ್ಕಿದ್ದೆ.

ತಂತಿ ದಾಟದವರು ಬೆಟ್ಟದ ಮೇಲೆ ಏನು ಮಾಡುತ್ತೇವೆ ಎಂದು ಕೇಳುವವರಿದ್ದಾರೆ, ಮದುವೆಗೆ ಹೋಗಿ ಊಟ ಮಾಡದೆ ಬಂದವರನ್ನು ಕೇಳುವ ದನಿಯಲ್ಲಿ. ಏನು ಮಾಡುತ್ತೇವೆ? ಬಿಸಿಲು ಬೀಳುವ ಕಡೆ ಕುರ್ಚಿ ಎಳೆದುಕೊಂಡು ಕೂರುತ್ತೇವೆ. ಕೇಸರಿ ಹಾಕಿದ ಚಹಾ ಕುಡಿಯುತ್ತೇವೆ. ಮೇಕೆಗಳು ಗೋಡೆ ಹತ್ತಿ ರೆಸಾರ್ಟಿನ ಗುಲಾಬಿ ಗಿಡ ಮೇಯುವುದನ್ನೂ ಕಾವಲುಗಾರ ಅವುಗಳ ಹಿಂದೆ ಓಡುವುದನ್ನೂ ನೋಡುತ್ತೇವೆ. ಹಳ್ಳಿಯ ಕಡೆ ನಡೆದು ಮೆಟ್ಟಿಲು ಮೆಟ್ಟಿಲಾಗಿ ಇಳಿದ ತೋಟಗಳ ಬದಿಯಲ್ಲಿ ನೀರಿನ ಕಾಲುವೆಗೆ ಕೈ ಅದ್ದುತ್ತೇವೆ, ಕೈ ಮರಗಟ್ಟಿದರೆ ತೆಗೆಯುತ್ತೇವೆ. ವರ್ಷದಲ್ಲಿ ಆ ಎರಡು ದಿನ ಯಾರೂ ನನ್ನಿಂದ ನಕ್ಷೆ ಕೇಳುವುದಿಲ್ಲ, ರೊಟ್ಟಿ ಕೇಳುವುದಿಲ್ಲ. ಇದಕ್ಕಿಂತ ಹೆಚ್ಚಿನದು ಕಂದರದ ಆಚೆ ಬದಿಯಲ್ಲಿ ಏನಿದೆ ಎಂದು ನನಗೆ ಇವತ್ತಿಗೂ ಯಾರೂ ಹೇಳಿಲ್ಲ.

ನನ್ನ ಪಾಡಿಗೆ ನನ್ನನ್ನು ಬಿಟ್ಟಿದ್ದರೆ ಟೀ ಪಾರ್ಟಿ ಎಂಬ ಹೆಸರನ್ನೂ ಹೊತ್ತುಕೊಂಡು ಇರುತ್ತಿದ್ದೆ. ಆದರೆ ನಮ್ಮ ಜನಕ್ಕೆ ಒಂದು ರೋಗವಿದೆ. ಯಾರು ಏನು ಮಾಡಿದರೂ ಸನ್ಮಾನ ಮಾಡಬೇಕು. ಶಾಲು, ಹಾರ, ಜರಿಯ ಮೈಸೂರು ಪೇಟ, ಹಣ್ಣಿನ ಬುಟ್ಟಿ, ಸ್ಮರಣಿಕೆ. ಲೀಡರ್ ಸಾಹೇಬರು ಈ ರೋಗವನ್ನು ಬೆಟ್ಟದ ಮೇಲಕ್ಕೂ ಹತ್ತಿಸಿದರು. ಗುಂಪಿನ ಮಕ್ಕಳಿಗೆ ಹನ್ನೆರಡು ತುಂಬಿದ ಚಳಿಗಾಲದಲ್ಲಿ ತಂತಿ ದಾಟಿಸುವುದು, ಆಚೆ ಬದಿಯಲ್ಲಿ ಕಾದಿದ್ದು ಹೆಲ್ಮೆಟ್ಟು ತೆಗೆದು ಪೇಟ ತೊಡಿಸುವುದು, ಶಾಲು ಹೊದಿಸಿ ಫಲಕ ಕೊಡುವುದು. ವಿಡಿಯೋ ಮಾಡಿ ನವೆಂಬರಿನ ರಾಜ್ಯೋತ್ಸವದಲ್ಲಿ ದೊಡ್ಡ ಪರದೆಯ ಮೇಲೆ ತೋರಿಸುವುದು. ವಿಡಿಯೋ ಮಾಡುವುದು ನನ್ನ ಗಂಡನ ಕೆಲಸ. ಬಾಗಲಕೋಟೆಯವರು, ಎಲೆಕ್ಟ್ರಿಕಲ್ ಇಂಜಿನಿಯರ್, ಒಳ್ಳೆಯ ಕ್ಯಾಮೆರಾ ಇದೆ.

ಇಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಆ ಗುರುವಾರ ಸಂಜೆ ಆಫೀಸು ಮುಗಿಸಿ ಹೊರಟಿದ್ದೆವು. ಇಜ್ಕಿಯ ಹತ್ತಿರ ಪೆಟ್ರೋಲ್ ಹಾಕಿಸಲು ನಿಂತಾಗ ಗುಂಪಿನ ವಾಟ್ಸಾಪಿಗೆ ಒಂದು ಫೋಟೋ ಬಂತು. ಗಾಜಿನ ಫಲಕ. ಅದರ ಮೇಲೆ ಬಂಗಾರದ ಅಕ್ಷರದಲ್ಲಿ ನನ್ನ ಮಗಳ ಹೆಸರು, ಕೆಳಗೆ ‘ತಂತಿ ದಾಟಿದ ಧೀರ ಬಾಲೆ’. ಇನ್ನೂ ಬೆಟ್ಟ ಕಣ್ಣಿಗೆ ಬಿದ್ದಿಲ್ಲ, ಬಾಲೆ ಹಿಂದಿನ ಸೀಟಿನಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಚಿಪ್ಸ್ ತಿನ್ನುತ್ತಿದ್ದಾಳೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ್ದರು.

“ಇದೇನ್ರಿ ಇದು?” ಎಂದು ಫೋನನ್ನು ಇವರ ಮುಖಕ್ಕೆ ಹಿಡಿದೆ.

“ಹನ್ನೆರಡು ಆತಲ್ಲ. ಈ ವರ್ಷ ಅಕಿ ಪಾಳಿ,” ಎಂದರು ಇವರು, ಸೀಟ್ ಬೆಲ್ಟ್ ಸರಿಮಾಡಿಕೊಳ್ಳುತ್ತ.

“ಅಕೀನ ಕೇಳೀರೇನು?”

“ಕೇಳಿದ್ರ ಬ್ಯಾಡ ಅಂತಾಳ. ಅದಕ್ಕ ಕೇಳಿಲ್ಲ.”

“ನನ್ನ?”

“ನಿನ್ನ ಕೇಳಿದ್ರ ನೀನೂ ಬ್ಯಾಡ ಅಂತೀ.”

ಇಷ್ಟು ಪ್ರಾಮಾಣಿಕವಾದ ಉತ್ತರಕ್ಕೆ ಏನು ಹೇಳಬೇಕು? ಮೈಯೆಲ್ಲ ಉರಿಯಿತು. ಬಿರ್ಕತ್ ಅಲ್ ಮೌಜ್ ದಾಟಿ, ಪೊಲೀಸ್ ಚೌಕಿಯಲ್ಲಿ ಗಾಡಿಯ ಕಾಗದ ತೋರಿಸಿ, ಆ ಕಡಿದಾದ ತಿರುವುಗಳನ್ನು ಹತ್ತುವವರೆಗೂ ನಾನು ಕಣ್ಣು ಮುಚ್ಚಿಕೊಂಡು ಕೂತಿದ್ದೆ. ಪ್ರತಿ ವರ್ಷ ಅಲ್ಲಿ ಕಣ್ಣು ಮುಚ್ಚುವುದು ಹೆದರಿಕೆಯಿಂದ, ಆ ಸಲ ಸಿಟ್ಟಿನಿಂದ.

ಮರುದಿನ ಶುಕ್ರವಾರ ದೊಡ್ಡವರು ತಂತಿಗೆ ಹೋದರು, ಇವರು ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಜೊತೆಗೆ ಹೋದರು. ಮಕ್ಕಳ ಸಮಾರಂಭ ಶನಿವಾರ ಬೆಳಿಗ್ಗೆ ಎಂದು ಗೊತ್ತಾಗಿತ್ತು. ನಾನು, ಮಗಳು, ಲೀಡರ್ ಸಾಹೇಬರ ಹೆಂಡತಿ ಮೂವರೂ ಹಳ್ಳಿಯ ಕಡೆ ನಡೆದೆವು. ಆಕೆ ಮಂಗಳೂರಿನ ಕಡೆಯವರು, ಮೊಣಕಾಲು ನೋವು, ಹಾಗಾಗಿ ನಮ್ಮ ಜಾತಿ. ಗಂಡ ಜೊತೆಗಿದ್ದಾಗ ಬಾಯಿ ಬಿಡುವುದಿಲ್ಲ, ಇಲ್ಲದಾಗ ಚೆನ್ನಾಗಿ ಮಾತಾಡುತ್ತಾರೆ.

ದಾಳಿಂಬೆ ಗಿಡಗಳೆಲ್ಲ ಎಲೆ ಉದುರಿಸಿಕೊಂಡು ನಿಂತಿದ್ದವು. ಒಬ್ಬ ಅಜ್ಜ ಕಾಲುವೆಯ ಕಲ್ಲು ಸರಿಸಿ ನೀರನ್ನು ಒಂದು ಪಾತಿಯಿಂದ ಇನ್ನೊಂದಕ್ಕೆ ತಿರುಗಿಸುತ್ತಿದ್ದ. ಮಗಳು ನೀರಿನಲ್ಲಿ ಒಂದು ಒಣ ಎಲೆ ಬಿಟ್ಟು ಅದರ ಜೊತೆ ನಡೆಯುತ್ತ ಹೋದಳು. ಎಲೆ ಒಂದು ಕಡೆ ಸಿಕ್ಕಿಕೊಂಡಾಗ ಅಲ್ಲೇ ಕುಕ್ಕರಗಾಲಲ್ಲಿ ಕೂತು, ನನ್ನ ಕಡೆ ನೋಡದೆ, “ಅಮ್ಮಾ, ಕ್ಯಾನ್ ಯೂ ಟೆಲ್ ಅಪ್ಪ ಐ ಡೋಂಟ್ ವಾಂಟ್ ಟು?” ಎಂದಳು. ನನ್ನ ಮಗಳು ಇಂಡಿಯನ್ ಸ್ಕೂಲಿನ ಹುಡುಗಿ, ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ.

“ನೀನ ಹೇಳು,” ಎಂದೆ.

“ಐ ಟೋಲ್ಡ್. ಬ್ರೇಕ್‌ಫಾಸ್ಟ್ ಟೈಮಲ್ಲಿ. ಹೀ ಸೆಡ್, ಡೋಂಟ್ ಬಿ ಲೈಕ್ ಅಮ್ಮ.”

ಅಮ್ಮನ ಹಾಗೆ ಆಗಬೇಡ. ನಾನು ಈ ದೇಶಕ್ಕೆ ಬಂದು ಇಲ್ಲಿಯ ಕಾರು ಕಲಿತವಳು, ಅರಬ್ಬಿ ಗುತ್ತಿಗೆದಾರರ ಎದುರು ನಿಂತು ಅವರು ತಪ್ಪು ಕೂಡಿಸಿದ ತೊಲೆಯನ್ನು ಬಿಚ್ಚಿಸಿದವಳು, ಮಗಳಿಗೆ ನ್ಯುಮೋನಿಯಾ ಆದಾಗ ಇವರು ಸೊಹಾರಿನ ಸೈಟಿನಲ್ಲಿದ್ದರೆ ಒಬ್ಬಳೇ ಆಸ್ಪತ್ರೆಯಲ್ಲಿ ಕೂತವಳು. ಅದೆಲ್ಲ ಲೆಕ್ಕಕ್ಕಿಲ್ಲ. ಎತ್ತರಕ್ಕೆ ಹೆದರುತ್ತೇನೆ, ಆದ್ದರಿಂದ ನನ್ನ ಹಾಗೆ ಆಗಬಾರದು. ಅಲ್ಲಿದ್ದ ಕಲ್ಲೊಂದನ್ನು ಎತ್ತಿ ಕಾಲುವೆಗೆ ಎಸೆದೆ. ನೀರು ಸಿಡಿದು ಅಜ್ಜ ತಿರುಗಿ ನೋಡಿದ, ನಾನು ಕೈ ಎತ್ತಿ ಕ್ಷಮೆ ಕೇಳಿದೆ.

ಲೀಡರ್ ಸಾಹೇಬರ ಹೆಂಡತಿ ಇದನ್ನೆಲ್ಲ ಕೇಳಿಸಿಕೊಂಡಿದ್ದರು. ಮಗಳು ಮುಂದೆ ಹೋದ ಮೇಲೆ, “ನೀವು ಹೇಗಾದರೂ ಮಾಡಿ ಅವಳನ್ನು ಉಳಿಸಿ ಮಾರಾಯ್ತಿ,” ಎಂದರು. “ನಮ್ಮ ಹುಡುಗ ಎರಡು ವರ್ಷದ ಹಿಂದೆ ದಾಟಿದ್ದಲ್ವಾ, ನೀವು ವಿಡಿಯೋ ನೋಡಿದ್ದೀರಿ. ಅದರಲ್ಲಿ ಅವನ ಪ್ಯಾಂಟು ಒದ್ದೆ ಆದದ್ದು ಇಲ್ಲ. ನಿಮ್ಮವರೇ ಕತ್ತರಿಸಿ ತೆಗೆದದ್ದು. ಅಂದಿನಿಂದ ಬೆಟ್ಟ ಅಂದ್ರೆ ಅವನಿಗೆ ಆಗುದಿಲ್ಲ. ಈ ಸಲ ಪರೀಕ್ಷೆ ಅಂತ ಸುಳ್ಳು ಹೇಳಿ ಮನೆಯಲ್ಲಿ ಕೂತಿದ್ದಾನೆ.”

“ನೀವು ನಿಮ್ಮವರಿಗೆ ಏನೂ ಹೇಳಲಿಲ್ಲವೇ?”

“ಎಂತ ಹೇಳುದು? ಹೇಳಿದ್ರೆ ಕೇಳುವವರಾ ಅವರು?”

ಆ ಹುಡುಗ ಪೇಟ ತೊಟ್ಟು ನಿಂತಿದ್ದ ಚಿತ್ರ ನನಗೆ ಚೆನ್ನಾಗಿ ನೆನಪಿತ್ತು. ರಾಜ್ಯೋತ್ಸವದ ದಿನ ನಾವೆಲ್ಲ ಚಪ್ಪಾಳೆ ತಟ್ಟಿದ್ದೆವು. ಅವನ ಮುಖದಲ್ಲಿದ್ದದ್ದನ್ನು ನಾವು ನಾಚಿಕೆ ಎಂದುಕೊಂಡಿದ್ದೆವು.

ಸಂಜೆ ರೆಸಾರ್ಟಿನವರು ಅಂಗಳದಲ್ಲಿ ಬೆಂಕಿ ಹಾಕಿದರು. ತಂತಿ ದಾಟಿ ಬಂದವರು ಯುದ್ಧ ಗೆದ್ದು ಬಂದವರಂತೆ ಕಾಲು ಚಾಚಿ ಕೂತಿದ್ದರು. ಲೀಡರ್ ಸಾಹೇಬರು ಸೀಟಿ ಊದಿ, ನಾಳೆ ಬೆಳಿಗ್ಗೆ ತಿಂಡಿಯಾದ ಮೇಲೆ ಧೀರ ಬಾಲೆಯ ಸನ್ಮಾನ, ಎಲ್ಲರೂ ತಪ್ಪದೆ ಬರಬೇಕು ಎಂದು ಸಾರಿದರು. ಪೇಟವನ್ನು ಚೀಲದಿಂದ ತೆಗೆದು ಮಗಳ ತಲೆಯ ಮೇಲಿಟ್ಟು ಅಳತೆ ನೋಡಿದರು. ಅದು ಹುಬ್ಬಿನವರೆಗೆ ಇಳಿಯಿತು. ಅವಳು ಅದರ ಕೆಳಗಿನಿಂದ ನನ್ನನ್ನು ನೋಡಿದಳು.

“ಅಕಿ ದಾಟಂಗಿಲ್ರಿ,” ಎಂದೆ ನಾನು, ಎಲ್ಲರಿಗೂ ಕೇಳುವ ಹಾಗೆ.

ಲೀಡರ್ ಸಾಹೇಬರು, “ಅಯ್ಯೋ ಮೇಡಂ, ಫಲಕ ಬೇರೆ ಮಾಡ್ಸಿ ಆಗೋಗಿದೆಯಲ್ಲಾ! ಹೆಸರು ಬರ್ಸಿಬಿಟ್ಟಿದೀವಿ,” ಎಂದರು. ಮಗು ಬೀಳಬಹುದು, ಬೆದರಬಹುದು, ಅದು ಚಿಂತೆಯಿಲ್ಲ. ಫಲಕ ವ್ಯರ್ಥವಾಗಬಾರದು. ಇವರು ಬೆಂಕಿಗೆ ಕೈ ಕಾಯಿಸುತ್ತ, “ಅಕಿ ಹಂಗ ಅಂತಾಳ್ರಿ, ಟೀ ಪಾರ್ಟಿ ಪ್ರೆಸಿಡೆಂಟ್ ಅದಾಳ. ನಾಳೆ ನೋಡ್ರಿ, ನನ್ನ ಮಗಳು ಹೆಂಗ ಹೊಕ್ಕಾಳ,” ಎಂದರು. ಜನ ನಕ್ಕರು. ತನ್ನ ಹೆಂಡತಿಯನ್ನು ತಾನೇ ನಗೆಪಾಟಲು ಮಾಡಿ ಕೊಟ್ಟರೆ ಜನಕ್ಕೆ ಹೆಚ್ಚು ರುಚಿ.

ಊಟಕ್ಕೆ ಹೋಗುವ ಮೊದಲು ಕೋಣೆಯಲ್ಲಿ ಇವರನ್ನು ತಡೆದೆ. ಅವಳಿಗೆ ಇಷ್ಟವಿಲ್ಲ, ಬೆಳಿಗ್ಗೆ ನಿಮಗೇ ಹೇಳಿದ್ದಾಳೆ, ಮುಗಿಯಿತು ಎಂದೆ. ಇವರು ಸಿಟ್ಟಾಗಲಿಲ್ಲ, ಉಪದೇಶಕ್ಕೆ ಇಳಿದರು. ಅದು ಇನ್ನೂ ಕೆಟ್ಟದ್ದು.

“ಹೆದರಿಕಿ ಅನ್ನೂದು ಒಮ್ಮೆ ದಾಟಿದ್ರ ಹೊಕ್ಕೈತಿ. ನಾಳೆ ಜಗತ್ತಿನಾಗ ಬದುಕಬೇಕು ಅಕಿ.”

“ಜಗತ್ತಿನಾಗ ತಂತಿ ಮ್ಯಾಲೆ ಯಾರ್ ಬದುಕ್ತಾರ್ರಿ?”

“ನಿನಗ ತಿಳಿಯಂಗಿಲ್ಲ ಬಿಡು. ಎಲ್ಲಾರ ಮುಂದ ಹೇಳಿಬಿಟ್ಟೀನಿ. ಈಗ ಹಿಂದ ಸರದ್ರ ನನ್ನ ಮರ್ಯಾದಿ ಏನಾಗಬೇಕು?”

ಆಗ ಹೊರಬಿತ್ತು ನಿಜವಾದ ಮಾತು. ಮಗಳ ಧೈರ್ಯವೂ ಅಲ್ಲ, ಜಗತ್ತೂ ಅಲ್ಲ. ಇವರ ಮರ್ಯಾದೆಯನ್ನು ಕಂದರದ ಆಚೆ ದಾಟಿಸಬೇಕಾಗಿತ್ತು, ಹೊತ್ತುಕೊಂಡು ಹೋಗಲು ಹನ್ನೆರಡು ವರ್ಷದ ಮಗಳು ಇದ್ದಳು. ನಾನು ಆ ಕ್ಷಣದಲ್ಲೇ ಒಂದು ಮಾತು ಆಡಬಹುದಿತ್ತು. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿದೆ. ಇನ್ನೂ ಇವರಿಗೆ ಬುದ್ಧಿ ಬರಬಹುದು ಎಂದು ಕಾದೆ.

ಶನಿವಾರ ಬಿಸಿಲು ಚೆನ್ನಾಗಿತ್ತು. ತಂತಿ ಶುರುವಾಗುವ ಕಡೆ ಬಂಡೆಯಿಂದ ಹೊರಚಾಚಿದ ಒಂದು ಕಬ್ಬಿಣದ ಕಟ್ಟೆಯಿದೆ, ಅದರ ಈಚೆ ಒಂದಿಷ್ಟು ಸಪಾಟು ಜಾಗ. ಅಲ್ಲಿ ಎಲ್ಲರೂ ನೆರೆದಿದ್ದರು. ಲೀಡರ್ ಸಾಹೇಬರು ಆಚೆ ಹೋಗಲು ಸಿದ್ಧರಾಗಿ, ಪೇಟ, ಶಾಲು, ಫಲಕ ಇದ್ದ ಚೀಲವನ್ನು ಬೆನ್ನಿಗೆ ಕಟ್ಟಿಕೊಂಡಿದ್ದರು. ಇವರು ಕ್ಯಾಮೆರಾವನ್ನು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಕೋನ ನೋಡುತ್ತಿದ್ದರು. ಗೈಡ್ ಒಬ್ಬ ಒಮಾನಿ ಯುವಕ, ಮಗಳ ಸೊಂಟಕ್ಕೆ ಪಟ್ಟಿ ಬಿಗಿದು, ಕೊಂಡಿಗಳನ್ನು ಒಂದೊಂದಾಗಿ ಎಳೆದು ನೋಡಿದ. ಹೆಲ್ಮೆಟ್ಟಿನ ಕೆಳಗೆ ಅವಳ ಮುಖ ಬಿಳಿಚಿಕೊಂಡಿತ್ತು. ಅಳುತ್ತಿರಲಿಲ್ಲ. ಅತ್ತಿದ್ದರೆ ಯಾರಿಗಾದರೂ ಕನಿಕರ ಬರುತ್ತಿತ್ತೇನೋ.

ಗೈಡ್ ಬಗ್ಗಿ, “ಯು ವಾಂಟ್? ಯೆಸ್, ನೋ?” ಎಂದು ಅವಳನ್ನೇ ಕೇಳಿದ. ಎರಡು ದಿನದಲ್ಲಿ ಅವಳನ್ನು ಕೇಳಿದವನು ಅವನೊಬ್ಬನೇ.

ಅವಳು ಅಪ್ಪನ ಕಡೆ ನೋಡಿದಳು. ಇವರು ಕ್ಯಾಮೆರಾದಿಂದ ಕಣ್ಣು ತೆಗೆಯದೆ, “ಯೆಸ್ ಅನ್ನು ಪುಟ್ಟಾ, ಯೆಸ್ ಅನ್ನು,” ಎಂದರು.

ಪಿತ್ತ ನೆತ್ತಿಗೇರಿತು. ನಾನು ಮಗಳ ಹಿಂದೆ ಹೋಗಿ ಅವಳ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದೆ.

“ಮೊದಲ ನೀವು ಹೋಗ್ರಿ,” ಎಂದೆ ಇವರಿಗೆ.

ಇವರು ಕ್ಯಾಮೆರಾದಿಂದ ತಲೆ ಎತ್ತಿದರು.

“ಅಪ್ಪ ಹೋಗಿ ತೋರಿಸಲಿ, ಆಮ್ಯಾಲೆ ಮಗಳು. ಕ್ಯಾಮೆರಾ ನಾ ಹಿಡೀತೀನಿ. ಹೋಗ್ರಿ.”

ಇವರ ಮುಖದ ಬಣ್ಣ ಇಳಿದದ್ದನ್ನು ನಾನೊಬ್ಬಳೇ ಅರ್ಥಮಾಡಿಕೊಂಡೆ, ಯಾಕೆಂದರೆ ನನಗೆ ಗೊತ್ತಿತ್ತು. ನಾವು ಬೆಟ್ಟಕ್ಕೆ ಬಂದ ಎರಡನೇ ಚಳಿಗಾಲದಲ್ಲಿ ನಾನು ರೆಸಾರ್ಟಿನ ಜಗುಲಿಯ ಬಿಸಿಲಲ್ಲಿ ಕೂತಿದ್ದೆ. ಅಲ್ಲಿಂದ ತಂತಿ ದೂರಕ್ಕೆ ಕಾಣುತ್ತದೆ. ಹಳದಿ ಹೆಲ್ಮೆಟ್ಟುಗಳು ಒಂದರ ಹಿಂದೊಂದು ಆಚೆ ಹೋದವು. ಇವರ ನೀಲಿ ಸ್ವೆಟರು ಮಾತ್ರ ಈಚೆ ಕಡೆಯೇ ಉಳಿಯಿತು. ಎಲ್ಲರೂ ದಾಟಿದ ಮೇಲೆ ಅದು ಮೆಲ್ಲಗೆ ಬಂಡೆಯ ಹಿಂದಿನ ಕಾಲುದಾರಿ ಹಿಡಿದು ಸುತ್ತಿ ಹೋಗಿ ದಾಟಿದವರ ಜೊತೆ ಸೇರಿಕೊಂಡಿತು. ಆ ಸಂಜೆ ಬೆಂಕಿಯ ಮುಂದೆ ಇವರು, “ಇವತ್ತ ತಂತಿ ಮ್ಯಾಲೆ ಗಾಳಿ ಭಾಳ ಇತ್ತಪ್ಪ,” ಎಂದರು. ದಾಟಿದವರು ಹೌದೆಂದು ತಲೆದೂಗಿದರು. ಕ್ಯಾಮೆರಾ ಹಿಡಿದವನು ಚಿತ್ರದಲ್ಲಿ ಯಾಕಿಲ್ಲ ಎಂದು ಯಾರು ಕೇಳುತ್ತಾರೆ? ಮೂರನೆಯ ಚಳಿಗಾಲವೂ ಹಾಗೆಯೇ, ನಾಲ್ಕನೆಯದೂ ಹಾಗೆಯೇ. ನಾನು ತುಟಿ ಪಿಟಕ್ಕೆನ್ನಲಿಲ್ಲ. ಹೆದರುವುದು ಎಷ್ಟು ಕಷ್ಟವೆಂದು ನನಗಿಂತ ಯಾರಿಗೆ ಗೊತ್ತು? ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ಒಳಗೇ ನಕ್ಕು ಬಿಟ್ಟಿದ್ದೆ. ನನ್ನನ್ನು ಟೀ ಪಾರ್ಟಿ ಎಂದು ಇವರೂ ನಕ್ಕಾಗಲೂ ಬಿಟ್ಟಿದ್ದೆ.

“ಯಾರಾರ ವಿಡಿಯೋ ತಗೀಬೇಕಲ್ಲ...” ಎಂದು ಇವರು ಶುರು ಮಾಡಿದರು.

ಲೀಡರ್ ಸಾಹೇಬರ ಕಣ್ಣು ಹೊಳೆಯಿತು. “ಹೌದಲ್ವಾ ಸಾರ್! ನೀವು ದಾಟಿದ್ದನ್ನ ನಾವ್ಯಾರೂ ನೋಡೇ ಇಲ್ಲ! ಬನ್ನಿ ಬನ್ನಿ, ಯಲ್ಲಾ, ಇವತ್ತು ಸಾರ್ ಕೂಡ ದಾಟ್ಲೇಬೇಕು!” ಎಂದು ಅರಬ್ಬಿ ಬೆರೆಸಿ ಅವಸರಪಡಿಸುತ್ತ ಸೀಟಿ ಊದಿದರು. ಹುಲಿಗೆ ಜಿಂಕೆ ಆದರೇನು, ಮೊಲ ಆದರೇನು. ನೋಡುನೋಡುತ್ತಿದ್ದಂತೆ ಇವರ ಸೊಂಟಕ್ಕೂ ಪಟ್ಟಿ ಬಿತ್ತು, ತಲೆಗೆ ಹೆಲ್ಮೆಟ್ಟು ಬಿತ್ತು. ಸುತ್ತ ಎಲ್ಲರ ಕೈಯಲ್ಲೂ ಫೋನುಗಳು ಮೇಲೆದ್ದವು.

ಇವರು ಬೇಡ ಎನ್ನಬಹುದಿತ್ತು. ಒಂದೇ ಮಾತು. ಅದನ್ನು ಆಡುವ ಧೈರ್ಯ ಇವರಿಗೆ ಇರಲಿಲ್ಲ, ತಂತಿ ದಾಟುವುದಕ್ಕಿಂತ ದೊಡ್ಡ ಧೈರ್ಯ ಬೇಕಾಗಿದ್ದದ್ದು ಅದಕ್ಕೆ. ಕಬ್ಬಿಣದ ಕಟ್ಟೆಯವರೆಗೆ ನಡೆದರು. ಕೊಂಡಿ ಹಾಕಿಸಿಕೊಂಡರು. ಒಂದು ಕಾಲನ್ನು ತಂತಿಯ ಮೇಲಿಟ್ಟರು. ಅಷ್ಟೇ. ಕೈ ತಂತಿಗೆ ಅಂಟಿಕೊಂಡಿತು, ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ. ಮೊಣಕಾಲು ನಡುಗುವುದು ಇಲ್ಲಿಂದಲೇ ಕಾಣುತ್ತಿತ್ತು. ಗೈಡ್ ಇವರ ಬೆನ್ನ ಮೇಲೆ ಕೈಯಿಟ್ಟು ಮೆಲ್ಲಗೆ ಏನೋ ಹೇಳುತ್ತಿದ್ದ, ಇವರಿಗೆ ಕೇಳಿಸಿದಂತೆ ಕಾಣಲಿಲ್ಲ.

“ಸಾರ್, ಕಾಲು ಭರತನಾಟ್ಯ ಮಾಡ್ತಿದೆ ಸಾರ್!” ಎಂದರು ಲೀಡರ್ ಸಾಹೇಬರು. ಎಲ್ಲರೂ ಗೊಳ್ಳೆಂದು ನಕ್ಕರು. “ಧೀರ ಬಾಲೆ ಆಮೇಲೆ, ಮೊದಲು ಧೀರ ಬಾಲಕ!” ಎಂದು ಇನ್ಯಾರೋ ಕೂಗಿದರು. ಫೋನುಗಳು ಇನ್ನಷ್ಟು ಹತ್ತಿರ ಸರಿದವು. ನಾಲ್ಕು ವರ್ಷ ಜೊತೆಯಲ್ಲಿ ಹೋಳಿಗೆ ತಿಂದ ಜನ.

ನನ್ನ ಸಿಟ್ಟು ಒಂದು ಕಡೆಯಿಂದ ಇಳಿದು ಇನ್ನೊಂದು ಕಡೆಗೆ ಏರಿತು ಎಂದು ಹೇಳಿದರೆ ಕೇಳಲು ಚೆನ್ನಾಗಿರುತ್ತದೆ. ಹಾಗಾಗಲಿಲ್ಲ. ಇವರ ಮೇಲಿನ ಸಿಟ್ಟು ಇದ್ದಲ್ಲೇ ಇತ್ತು, ಅದರ ಪಕ್ಕದಲ್ಲಿ ಈ ಜನರ ಮೇಲಿನದು ಬಂದು ಕೂತಿತು. ಲೀಡರ್ ಸಾಹೇಬರ ಕೈಯಿಂದ ಆ ಸೀಟಿಯನ್ನು ಕಿತ್ತು ಕಂದರಕ್ಕೆ ಎಸೆಯಬೇಕೆಂದು ಒಂದು ಹೆಜ್ಜೆ ಮುಂದಿಟ್ಟೆ.

ಅಷ್ಟರಲ್ಲಿ ನನ್ನ ಕೈಯಲ್ಲಿದ್ದ ಪಟ್ಟಿ ಜಗ್ಗಿತು. ಮಗಳು ಬಿಡಿಸಿಕೊಂಡು ಹೋದಳು. ಫೋನುಗಳ ಮುಂದೆ ನಿಂತು ಎರಡೂ ತೋಳು ಅಗಲಿಸಿದಳು, ಕೊಂಡಿಗಳು ಅವಳ ಸೊಂಟದಲ್ಲಿ ಗಲಗಲ ಎನ್ನುತ್ತಿದ್ದವು.

“ವಿಡಿಯೋ ಬಂದ್ ಮಾಡ್ರಿ!” ಎಂದಳು. “ನಮ್ಮಪ್ಪಗ ಹೆದರಿಕಿ ಆಗೈತಿ. ಕಾಣಾಕತ್ತಿಲ್ಲೇನ್ರಿ ನಿಮಗ?”

ಕನ್ನಡದಲ್ಲಿ. ಅವರಪ್ಪನ ಬಾಗಲಕೋಟೆಯ ಕನ್ನಡದಲ್ಲಿ. ಅದು ಅವಳ ಬಾಯಲ್ಲಿ ಇದೆಯೆಂದೇ ನನಗೆ ಗೊತ್ತಿರಲಿಲ್ಲ. ಒಬ್ಬೊಬ್ಬರದಾಗಿ ಫೋನುಗಳು ಕೆಳಗಿಳಿದವು. ಲೀಡರ್ ಸಾಹೇಬರು, “ತಮಾಷೆಗೆ ಕಣಮ್ಮಾ...” ಎಂದರು. ಅವಳು ಅವರನ್ನು ನೋಡಿದ ನೋಟ ನನಗೆ ಸಮಾಧಾನ ಕೊಟ್ಟಿತು, ಮುಚ್ಚಿಡುವುದೇಕೆ?

ಆಮೇಲೆ ಅವಳು ತಿರುಗಿ ಆ ಕಬ್ಬಿಣದ ಕಟ್ಟೆಯ ಮೇಲೆ ಕಾಲಿಟ್ಟಳು. ಅದರ ತಳ ಜಾಲರಿ, ಕೆಳಗಿನ ಕಂದರವೆಲ್ಲ ಕಾಣುತ್ತದೆ. ಗೈಡ್ ಕೂಡಲೇ ಅವಳ ಕೊಂಡಿಯನ್ನು ಕಂಬಿಗೆ ಸಿಕ್ಕಿಸಿದ. ಅವಳು ಕೆಳಗೆ ನೋಡಲಿಲ್ಲ, ಅಪ್ಪನ ಸ್ವೆಟರನ್ನೇ ನೋಡುತ್ತ ಹೋಗಿ ಅದರ ತುದಿ ಹಿಡಿದಳು. “ಹಿಂದ ಬಾ ಅಪ್ಪಾ. ನೋಬಡಿ ಹ್ಯಾಸ್ ಟು ಗೋ,” ಎಂದಳು. ಇವರು ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡು, ಅವಳು ಎಳೆದಂತೆ ಹಿಂದೆ ಹಿಂದೆ ಬಂದರು. ಗೈಡ್ “ಖಲಾಸ್, ಖಲಾಸ್” ಎನ್ನುತ್ತ ಇಬ್ಬರ ಪಟ್ಟಿಯನ್ನೂ ಬಿಚ್ಚಿದ.

ಅಷ್ಟಾದ ಮೇಲೂ ಲೀಡರ್ ಸಾಹೇಬರು ಚೀಲದಿಂದ ಫಲಕ ತೆಗೆದರು. ಕಟ್ಟೆಯವರೆಗಾದರೂ ಹೋಗಿದ್ದಾಳಲ್ಲ, ಪೇಟ ಹಾಕಿ ಒಂದು ಫೋಟೋ ತೆಗೆದುಬಿಡೋಣ, ಯಾರಿಗೆ ಗೊತ್ತಾಗುತ್ತೆ ಎಂದರು. ಅವರ ಹೆಂಡತಿ ಆಗ ಮೊದಲ ಸಲ ಗಂಡನ ಎದುರಿಗೆ ಬಾಯಿ ಬಿಟ್ಟರು. “ಒಳಗೆ ಇಡಿ ಅದನ್ನು,” ಎಂದರು. ಅವರು ಇಟ್ಟರು.

ಮಧ್ಯಾಹ್ನದ ಊಟಕ್ಕೆ ನಾವು ಉಳಿಯಲಿಲ್ಲ. ಇಳಿಜಾರಿನ ಉದ್ದಕ್ಕೂ ಗಾಡಿಯನ್ನು ಮೊದಲ ಗೇರಿನಲ್ಲೇ ಇಳಿಸಬೇಕು, ಇಂಜಿನ್ ಗುರುಗುಟ್ಟುತ್ತಿತ್ತು. ಮಗಳು ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಳು. ನಾನು ಕಣ್ಣು ಮುಚ್ಚಿರಲಿಲ್ಲ. ಇವರ ಕೈ ಸ್ಟೇರಿಂಗಿನ ಮೇಲೆ ಗಟ್ಟಿಯಾಗಿಯೇ ಇತ್ತು. ಪಾಪ ಎನ್ನಿಸಿತೇ ಎಂದು ಆಮೇಲೆ ಗೆಳತಿಯೊಬ್ಬಳು ಕೇಳಿದಳು. ಇಲ್ಲ, ಎನ್ನಿಸಲಿಲ್ಲ.

ಪೊಲೀಸ್ ಚೌಕಿ ದೂರದಲ್ಲಿ ಕಂಡ ಮೇಲೆ ಇವರು ಬಾಯಿ ಬಿಟ್ಟರು. “ನಾ ದಾಟಿಲ್ಲ ಅಂತ ನಿನಗ ಯಾವಾಗ ಗೊತ್ತಾತು?”

“ಎರಡನೇ ವರ್ಷ.”

“ಗೊತ್ತಿದ್ದೂ ಇಷ್ಟು ವರ್ಷ ಸುಮ್ನಿದ್ದಿ. ಇವತ್ತ ಎಲ್ಲಾರ ಮುಂದ ಯಾಕ ಹಂಗ ಮಾಡಿದಿ?”

ನಾನು ಹಿಂದೆ ತಿರುಗಿ ನೋಡಿದೆ. ಹೆಲ್ಮೆಟ್ಟಿನ ಪಟ್ಟಿ ಮಗಳ ಗದ್ದದ ಕೆಳಗೆ ಕೆಂಪಗೆ ಗೆರೆ ಮೂಡಿಸಿತ್ತು.

“ನಿಮ್ಮ ಹೆದರಿಕಿ ನಿಮ್ಮ ಹಂತ್ಯಾಕ ಇರೂತನಕ ನನಗೇನೂ ತ್ರಾಸ್ ಇರಲಿಲ್ರಿ,” ಎಂದೆ. “ನೀವು ಅದನ್ನ ತಗದು ಅಕಿ ಸೊಂಟಕ್ಕ ಕಟ್ಟಿದ್ರಿ.”